ಹೊರೆ ಯಾರ ಹೆಗಲಿಗೆ?

ಒಬ್ಬ ಮನುಷ್ಯ ತತ್ವಕ್ಕಾಗಿ ಬೇರೆ ದಾರಿ ಹಿಡಿದರೆ, ಆ ದಾರಿಯ ಖರ್ಚನ್ನು ಯಾರು ಕೊಡಬೇಕು? ಉಪವಾಸ ಮಾಡುವವರ ಹಸಿವು ಅವರದೇ. ಆದರೆ ಕೆಲವು ತತ್ವಗಳ ಹಸಿವು ಪಕ್ಕದವರ ಹೊಟ್ಟೆಯಲ್ಲಿ ಶುರುವಾಗುತ್ತದೆ. ಕಂಪ್ಯೂಟರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಬಳಸಬೇಕು ಎಂಬುದು ಅಂಥದ್ದೊಂದು ಪ್ರಶ್ನೆ.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ನಾನು ಹೋಗುವ ಡಿಟಿಪಿ ಅಂಗಡಿಗಳಲ್ಲೆಲ್ಲ ಇರುವುದು ವಿಂಡೋಸ್, ಅದರ ಮೇಲೆ ನುಡಿ ಮತ್ತು ಪೇಜ್‌ಮೇಕರ್. ಮದುವೆ ಕಾರ್ಡು, ತಹಶೀಲ್ದಾರರಿಗೆ ಅರ್ಜಿ, ಪಿಎಚ್‌ಡಿ ಪ್ರಬಂಧ ಎಲ್ಲವೂ ಅಲ್ಲೇ ಸಿದ್ಧವಾಗುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಡೆಬಿಯನ್ ಲಿನಕ್ಸ್. ನನ್ನ ಸಂಶೋಧನೆಯ ಟಿಪ್ಪಣಿ, ಅಧ್ಯಾಯ, ಅಡಿಟಿಪ್ಪಣಿ ಎಲ್ಲ ಅದರಲ್ಲೇ. ಬರೆಯುವುದಕ್ಕೆ ಲಿಬ್ರೆಆಫೀಸ್ ಇದೆ. ಕೆಜಿಪಿ ಕೀಲಿಮಣೆ ವಿನ್ಯಾಸವೂ ಇರುವುದರಿಂದ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಕನ್ನಡಿಗರೇ ರೂಪಿಸಿದ ನವಿಲು, ಗುಬ್ಬಿ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ನನ್ನ ಕೋಣೆಯೊಳಗೆ ಯಾವ ಕೊರತೆಯೂ ಇಲ್ಲ. ತೊಡಕು ಶುರುವಾಗುವುದು ಬರೆದದ್ದು ಇನ್ನೊಬ್ಬರ ಕೈಗೆ ಹೋಗುವಾಗ.

ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಹಳೆಯ ಆಸ್ಕಿ ಫಾಂಟು, ಅಂದರೆ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಏರ್ಪಾಡು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಪುಟ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಎರಡರ ನಡುವೆ ಪರಿವರ್ತಕಗಳಿವೆ, ಆದರೆ ಅರ್ಕಾವತ್ತಿನ ಬಳಿ ಎಚ್ಚರ ಬೇಕು. ‘ಧರ್ಮ’ ಎಂಬ ಪದದಲ್ಲಿ ಯೂನಿಕೋಡ್ ರಕಾರವನ್ನು ನಾವು ಉಚ್ಚರಿಸುವಂತೆ ಮಕಾರದ ಮುಂಚೆ ಇಡುತ್ತದೆ; ಹಳೆಯ ಫಾಂಟು ಕಣ್ಣಿಗೆ ಕಾಣುವಂತೆ ಮಕಾರದ ಆಚೆ ಇಡುತ್ತದೆ. ಪರಿವರ್ತನೆಯಲ್ಲಿ ಸ್ವಲ್ಪ ಎಡವಿದರೂ ಧರ್ಮ ಕೆಡುತ್ತದೆ.

ಹೀಗಾಗಿ ಅಂಗಡಿಯವರು ಕೇಳುತ್ತಾರೆ: “ಸರ, ಎಲ್ಲಾರೂ ವಾಪರಸೋದು ಬಿಟ್ಟು ನೀವ್ಯಾಕ ಬ್ಯಾರೇದು ಹಿಡ್ಕೊಂಡು ಕುಂತೀರಿ?”

ಈ ಪ್ರಶ್ನೆಯನ್ನು ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ನನ್ನ ಕಡೆ ಕಾರಣಗಳಿವೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದಾಗ ಮುಂದಿಟ್ಟ ವಿಚಾರ ಸರಳವಾದದ್ದು: ಬಳಸುವವರಿಗೆ ತಂತ್ರಾಂಶವನ್ನು ಬಿಚ್ಚಿ ನೋಡುವ, ತಿದ್ದುವ, ಹಂಚುವ ಹಕ್ಕಿರಬೇಕು. 1993ರಲ್ಲಿ ಶುರುವಾದ ಡೆಬಿಯನ್ ಇದನ್ನು 1997ರಲ್ಲಿ ‘ಸಾಮಾಜಿಕ ಒಪ್ಪಂದ’ವಾಗಿಯೇ ಬರೆದುಕೊಂಡಿತು. ನಮ್ಮ ಸೀಮೆಯವರಿಗೆ ಇದು ಪರಕೀಯ ವಿಚಾರವೇನಲ್ಲ. ಸುರಪುರದ ಕಡೆಯ ಮುದನೂರಿನ ದಾಸಿಮಯ್ಯ ನೇಕಾರ. ನೇಕಾರರ ಮಗ್ಗ ಕೆಟ್ಟರೆ ಅವರೇ ಬಿಚ್ಚಿ ನೋಡಬಹುದು, ಊರಿನ ಬಡಗಿಯನ್ನು ಕರೆಯಬಹುದು. ತನ್ನ ಕಾಯಕದ ಸಾಧನವನ್ನು ತಾನು ಬಿಚ್ಚುವಂತಿಲ್ಲ ಎಂಬ ಷರತ್ತು ಅಂಥವರಿಗೆ ವಿಚಿತ್ರವಾಗಿ ಕಂಡೀತು. ಇನ್ನೊಂದು ಕಾರಣ ಬಡತನದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಅದರ ಮುಂದಿನ ಆವೃತ್ತಿಯನ್ನು ಹೊರಲಾರದ ಹಳೆಯ ಯಂತ್ರಗಳು ಲಿನಕ್ಸಿನಲ್ಲಿ ಇನ್ನೂ ಕೆಲವು ವರ್ಷ ದುಡಿಯಬಲ್ಲವು.

ಇಷ್ಟೆಲ್ಲ ಸರಿಯೇ ಇದ್ದರೂ ಅಂಗಡಿಯವರ ಮಾತಿಗೆ ಉತ್ತರ ಸಿಕ್ಕಂತಾಗುವುದಿಲ್ಲ. ಅವರಿಗೆ ದುಡ್ಡು ಬರುವುದು ಪುಟದ ಲೆಕ್ಕದಲ್ಲಿ. ನನ್ನ ಕಡತವನ್ನು ಸರಿಮಾಡುತ್ತ ಕೂತ ಅರ್ಧ ಗಂಟೆಗೆ ಕೂಲಿಯಿಲ್ಲ. ನನ್ನ ಸ್ವಾತಂತ್ರ್ಯದ ಬಿಲ್ಲನ್ನು ಅವರು ಕಟ್ಟಿದರೆ ಅದು ಎಂಥ ಸ್ವಾತಂತ್ರ್ಯ?

ಆದರೆ ‘ಎಲ್ಲರೂ ಬಳಸುವುದನ್ನೇ ಬಳಸು’ ಎಂಬ ಬುದ್ಧಿಮಾತು ಈ ನೆಲದಲ್ಲಿ ಹೊಸದಲ್ಲ. ಸುರಪುರ 1860ರಲ್ಲಿ ನಿಜಾಮರ ಕೈಗೆ ಹೋಯಿತು. ಮುಂದೆ ಹೈದರಾಬಾದ್ ಸಂಸ್ಥಾನದ ಕಚೇರಿ ಭಾಷೆ ಉರ್ದುವಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಆ ಕಾಲದ ಕನ್ನಡದ ಹುಡುಗನಿಗೆ ಯಾರಾದರೂ ‘ಎಲ್ಲರೂ ಓದುವುದನ್ನು ಬಿಟ್ಟು ನಿನಗೇಕೆ ಕನ್ನಡ?’ ಎಂದಿದ್ದರೆ ಅದು ದ್ವೇಷದ ಮಾತಾಗಿರಬೇಕಿಲ್ಲ, ಕಾಳಜಿಯೂ ಆಗಿರಬಹುದಿತ್ತು. ಉರ್ದು ಆಗಲೂ ಈಗಲೂ ನಮ್ಮ ಓಣಿಯ ಭಾಷೆ, ಅದರೊಂದಿಗೆ ಜಗಳವಿಲ್ಲ. ಪ್ರಶ್ನೆ ಇರುವುದು ಆ ವಾದದ ಬಗ್ಗೆ. ಇಂದು ಇಂಗ್ಲಿಷಿನ ಪರವಾಗಿ ಕನ್ನಡ ಶಾಲೆಗಳ ಮುಂದೆ ಬಂದು ನಿಂತಿರುವುದೂ ಅದೇ ವಾದ. ಅದನ್ನು ಅಲ್ಲಿ ಒಪ್ಪದ ನಾವು ಇಲ್ಲಿ ಮಾತ್ರ ಒಪ್ಪಿಬಿಡುವುದು ಹೇಗೆ?

ಹೋಲಿಕೆಗೆ ಒಂದು ಮಿತಿಯಿದೆ ಎಂಬುದು ನಿಜ. ಕನ್ನಡವನ್ನು ನಾನು ಆರಿಸಿಕೊಳ್ಳಲಿಲ್ಲ, ಅವ್ವನಿಂದ ಬಂತು. ಡೆಬಿಯನ್ ಅನ್ನು ನಾನೇ ಆರಿಸಿಕೊಂಡೆ. ಹುಟ್ಟಿನಿಂದ ಬಂದ ಭಿನ್ನತೆಗೆ ಜಾಗ ಮಾಡಿಕೊಡುವುದು ಸಮಾಜದ ಕರ್ತವ್ಯ. ಬೇಕೆಂದೇ ಆರಿಸಿಕೊಂಡ ಭಿನ್ನತೆಗೆ ಅಷ್ಟೇ ಗಟ್ಟಿಯಾಗಿ ಜಾಗ ಕೇಳುವ ಹಕ್ಕು ನನಗಿಲ್ಲ. ಹಾಗಾಗಿ ಪರಿವರ್ತನೆಯ ಕೂಲಿ ನನ್ನದೇ. ಅಂಗಡಿಗೆ ಹೋಗುವ ಮುಂಚೆ ಕಡತವನ್ನು ನಾನೇ ಹಳೆಯ ಫಾಂಟಿಗೆ ಬದಲಿಸಿ, ಅರ್ಕಾವತ್ತಿರುವ ಪ್ರತಿ ಪದವನ್ನೂ ಓದಿ ನೋಡಿ, ಜೊತೆಗೊಂದು ಪಿಡಿಎಫ್ ಇಟ್ಟು ಕೊಡುತ್ತೇನೆ. ಒಂದು ಅಧ್ಯಾಯಕ್ಕೆ ಒಂದು ಸಂಜೆ ಹಿಡಿಯುತ್ತದೆ. ಆ ಸಂಜೆಯನ್ನು ಕೊಡಲು ಮನಸ್ಸಿಲ್ಲದಿದ್ದರೆ ಅದನ್ನು ತತ್ವ ಎನ್ನದೆ ಶೋಕಿ ಎನ್ನುವುದೇ ಸರಿ.

ಬಹುಸಂಖ್ಯಾತರ ಕಡೆಗೂ ಒಂದು ಸಣ್ಣ ಕರ್ತವ್ಯ ಉಳಿಯುತ್ತದೆ. ಅವರು ಲಿನಕ್ಸಿಗೆ ಬರಬೇಕಿಲ್ಲ, ಬಾಗಿಲನ್ನು ತೆರೆದಿಟ್ಟರೆ ಸಾಕು. ಆ ಬಾಗಿಲು ಯೂನಿಕೋಡ್. ಕನ್ನಡಕ್ಕೆ ಅದರಲ್ಲಿ 1991ರಿಂದಲೇ ಜಾಗವಿದೆ. ವಿಂಡೋಸಿನಲ್ಲೂ ನಡೆಯುತ್ತದೆ, ನುಡಿಯ ಹೊಸ ಆವೃತ್ತಿಗಳಲ್ಲೂ ನಡೆಯುತ್ತದೆ. ಇದು ನನ್ನೊಬ್ಬನ ಅನುಕೂಲದ ಮಾತೂ ಅಲ್ಲ. ಹಳೆಯ ಫಾಂಟಿನಲ್ಲಿ ಬರೆದ ಪ್ರಬಂಧದ ಒಂದು ಪದವನ್ನೂ ಅಂತರಜಾಲದ ಹುಡುಕಾಟ ಕನ್ನಡವೆಂದು ಗುರುತಿಸದು. ಶಹಾಪುರದ ವಿದ್ಯಾರ್ಥಿನಿಯೊಬ್ಬಳು ಐದು ವರ್ಷ ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿದ ಜನಪದ ಹಾಡುಗಳು ಹೀಗೆ ಗೋಜಲಾಗಿ ಮುಚ್ಚಿಹೋದರೆ, ಮುಂದೆ ಅದೇ ಹಾಡನ್ನು ಹುಡುಕುವ ಇನ್ನೊಬ್ಬಳಿಗೆ ಅವು ಇಲ್ಲವೇ ಇಲ್ಲ. ಅದೇ ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಎದುರಿಗೆ ಬರುತ್ತವೆ. ದಾಸಿಮಯ್ಯನನ್ನು ಹಾಗೆ ಹುಡುಕುವವರ ಕೈಯಲ್ಲಿ ಯಾವ ಯಂತ್ರವಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹೊರೆಯ ಲೆಕ್ಕ ಹೀಗೆ ಸಮನಾಗುತ್ತದೆ ಎಂದುಕೊಂಡಿದ್ದೇನೆ. ಬೇರೆ ದಾರಿ ಹಿಡಿದವರು ತಮ್ಮ ಗಂಟನ್ನು ತಾವೇ ಹೊರಬೇಕು. ದೊಡ್ಡ ದಾರಿಯಲ್ಲಿ ಹೋಗುವವರು ಅದಕ್ಕೆ ಬೇಲಿ ಹಾಕಬಾರದು. ನಾಳೆ ಯಾವ ದಾರಿ ದೊಡ್ಡದಾಗುತ್ತದೆ, ಯಾವುದು ಕಾಲುದಾರಿಯಾಗುತ್ತದೆ ಎಂದು ಹೇಳಬಲ್ಲವರು ಯಾರು? ಒಂದು ಕಾಲಕ್ಕೆ ಕಚೇರಿಯ ಹೊರಗೆ ನಿಂತಿದ್ದ ಕನ್ನಡವೇ ಇವತ್ತು ಯಾದಗಿರಿಯ ಕಚೇರಿಗಳ ಒಳಗಿದೆ.