ಗಿರಿಸರೋವರಗಳೂ ಗಾಳದ ವಿನೋದವೂ

ಹೊಟ್ಟೆಯ ಸಲುವಾಗಿ ಮಾಡುವ ಹಿಂಸೆಯನ್ನು ಕುರಿತು ಧರ್ಮಶಾಸ್ತ್ರಗಳಲ್ಲಿ ವಿಧಿಯೂ ಉಂಟು, ನಿಷೇಧವೂ ಉಂಟು, ಪ್ರಾಯಶ್ಚಿತ್ತವೂ ಉಂಟು. ವಿನೋದದ ಸಲುವಾಗಿ ಮಾಡುವ ಹಿಂಸೆಯನ್ನು ಕುರಿತ ಮಾತು ಅಷ್ಟು ವಿಸ್ತಾರವಾಗಿಲ್ಲ, ಆದರೆ ತೀಕ್ಷ್ಣವಾಗಿದೆ. ಅರಸನಿಗೆ ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮನುವು ಮೃಗಯೆಯನ್ನೇ ಮೊದಲು ಹೇಳುತ್ತಾನೆ. ಇತ್ತ ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಸೇನಾಪತಿಯು ಅದೇ ಬೇಟೆಯನ್ನು ಕೊಂಡಾಡಿ, ದೇಹಕ್ಕೂ ಕೌಶಲಕ್ಕೂ ಅದರಿಂದಾಗುವ ಲಾಭವನ್ನು ಎತ್ತಿ ಹೇಳುತ್ತಾನೆ. ಅದೇ ಬೇಟೆಯಿಂದ ಬೇಸತ್ತ ವಿದೂಷಕನು ಗೊಣಗುತ್ತಾನೆ. ಈ ಹಳೆಯ ವಿವಾದವು ಇಂದಿಗೂ ಮುಗಿದಿಲ್ಲ. ಅದು ಕಾಡನ್ನು ಬಿಟ್ಟು ಬೆಟ್ಟದ ನೆತ್ತಿಯ ಸರೋವರಗಳಿಗೆ ಏರಿದೆ, ಅಷ್ಟೆ.

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಸಿಯೆರಾ ನೆವಾಡಾ ಎಂಬ ಪರ್ವತಶ್ರೇಣಿಯು ಸುಮಾರು 400 ಮೈಲಿಗಳಷ್ಟು ಉದ್ದಕ್ಕೆ ಹಬ್ಬಿಕೊಂಡಿದೆ. ಪೂರ್ವಕಾಲದ ಹಿಮನದಿಗಳು ಅಲ್ಲಿಯ ಬಂಡೆಗಳನ್ನು ಕೊರೆದು ಮಾಡಿದ ಕುಳಿಗಳಲ್ಲಿ ನೀರು ನಿಂತು ಸಾವಿರಾರು ಸರೋವರಗಳಾಗಿವೆ. ವರ್ಷದ ಬಹುಭಾಗ ಮಂಜುಗಡ್ಡೆ ಮುಚ್ಚಿರುವ ಈ ಸರೋವರಗಳು ಬೇಸಗೆಯ ಕೆಲವು ತಿಂಗಳು ಮಾತ್ರ ಕಣ್ಣು ತೆರೆಯುತ್ತವೆ. ಕಾಟನ್‌ವುಡ್ ಎಂಬ ಹೆಸರಿನ ಸರೋವರಗಳು ಸಮುದ್ರಮಟ್ಟದಿಂದ ಸುಮಾರು 11,000 ಅಡಿ ಎತ್ತರದಲ್ಲಿವೆ. ಅವುಗಳ ಬೆನ್ನಿಗೆ 14,000 ಅಡಿಗೂ ಮಿಕ್ಕ ಲ್ಯಾಂಗ್ಲಿ ಶಿಖರವು ನಿಂತಿದೆ. ಅಲ್ಲಿಗೆ ಬಂಡಿಯ ದಾರಿಯಿಲ್ಲ. ಹೋಗುವವನು ಬುತ್ತಿಯನ್ನೂ ಹೊದಿಕೆಯನ್ನೂ ಬೆನ್ನಿಗೆ ಕಟ್ಟಿಕೊಂಡು, ತೆಳುವಾದ ಗಾಳಿಯಲ್ಲಿ ಏದುತ್ತ, ಕಾಲ್ನಡಿಗೆಯಲ್ಲೇ ಏರಬೇಕು. ಅವನ ಕೈಯಲ್ಲಿ ಸಪೂರವಾದ ಒಂದು ಗಾಳದ ಕೋಲಿರುತ್ತದೆ.

ಈ ಗಾಳದ ರೀತಿಯೇ ಬೇರೆ. ಇದರಲ್ಲಿ ಎರೆಹುಳುವಿಲ್ಲ. ಹಕ್ಕಿಯ ಗರಿ, ಪ್ರಾಣಿಯ ತುಪ್ಪಳ, ರೇಷ್ಮೆಯ ಎಳೆ ಇವುಗಳನ್ನು ಸಣ್ಣ ಕೊಕ್ಕೆಗೆ ಸುತ್ತಿ ಮಾಡಿದ ಕೃತಕವಾದ ನೊಣವೇ ಇಲ್ಲಿ ಆಮಿಷ. ಆ ನೊಣಕ್ಕೆ ತೂಕವೇ ಇಲ್ಲವಾದುದರಿಂದ ದಾರದ ಭಾರವೇ ಅದನ್ನು ಗಾಳಿಯಲ್ಲಿ ಹೊತ್ತು ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಆ ಹೊತ್ತಿನಲ್ಲಿ ಯಾವ ಹುಳು ನೀರಿನಿಂದೇಳುತ್ತಿದೆ, ಮೀನು ಯಾವ ಬಂಡೆಯ ನೆರಳಿನಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದೆಲ್ಲ ತಿಳಿಯದವನಿಗೆ ಈ ವಿದ್ಯೆ ಒಲಿಯದು. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಗಾಳ ಹಾಕುವುದನ್ನು ಶಾಂತಚಿತ್ತರ ವಿನೋದವೆಂದು ವರ್ಣಿಸಿದನು. ಇದರ ಪಕ್ಷವಾದಿಗಳು ಹೇಳುವುದೂ ಇದನ್ನೇ: ಇದು ತಾಳ್ಮೆಯನ್ನು ಕಲಿಸುತ್ತದೆ, ಪ್ರಕೃತಿಯನ್ನು ಓದಿಸುತ್ತದೆ, ಪೇಟೆಯ ಗದ್ದಲದಿಂದ ಮನಸ್ಸನ್ನು ಬಿಡಿಸುತ್ತದೆ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದರಿಂದ ಇಲ್ಲಿ ಹತ್ಯೆಯೂ ಇಲ್ಲ.

ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೂ ಕೇಳಬೇಕಾದ ಒಂದು ಪ್ರಶ್ನೆಯುಂಟು. ಶಾಂತಿ ದೊರೆಯುವುದು ಯಾರಿಗೆ? ಕೋಲಿನ ಈ ತುದಿಯಲ್ಲಿ ಸಮಾಧಾನವಿದ್ದರೆ ದಾರದ ಆ ತುದಿಯಲ್ಲಿ ಇರುವುದೇನು? ಕವಿ ಬೈರನ್ನನು ವಾಲ್ಟನ್ನನನ್ನು ತನ್ನ ಕಾವ್ಯದಲ್ಲಿ ಕಟುವಾಗಿ ಹಳಿದುದು ಈ ಕಾರಣಕ್ಕಾಗಿಯೇ. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿಯೂ ಆಕೆಯ ಸಹೋದ್ಯೋಗಿಗಳೂ ಟ್ರೌಟ್ ಮೀನಿನ ಮುಖದಲ್ಲಿ ನೋವನ್ನು ಗ್ರಹಿಸುವಂಥ ನರಾಗ್ರಗಳಿರುವುದನ್ನು ತೋರಿಸಿಕೊಟ್ಟರು. ಮೀನಿನ ಮಿದುಳಿನ ರಚನೆಯು ಮನುಷ್ಯನದರಂತಿಲ್ಲ, ಆದುದರಿಂದ ಅದಕ್ಕೆ ಯಾತನೆಯ ಅರಿವಿಲ್ಲವೆಂದು ವಾದಿಸುವ ಪಂಡಿತರೂ ಇದ್ದಾರೆ. ವಿವಾದವು ಇನ್ನೂ ನಡೆದಿದೆ. ಆದರೆ ಸಂಶಯವಿರುವಲ್ಲಿ ಅದರ ಲಾಭವು ಆಟವಾಡುವವನಿಗೆ ಸಲ್ಲಬೇಕೋ, ಕೊಕ್ಕೆಗೆ ಸಿಕ್ಕಿದ ಪ್ರಾಣಿಗೆ ಸಲ್ಲಬೇಕೋ? ನ್ಯಾಯವಾದ ಬುದ್ಧಿಯು ಎರಡನೆಯದನ್ನೇ ಹೇಳೀತು.

ಹಿಡಿದು ಬಿಡುವ ಪದ್ಧತಿಯನ್ನು ಅಮೆರಿಕದಲ್ಲಿ ಲೀ ವುಲ್ಫ್ ಎಂಬವನು 1939ರ ತನ್ನ ಪುಸ್ತಕದಲ್ಲಿ ಬಲವಾಗಿ ಸಮರ್ಥಿಸಿದನು. ಮೀನಿನ ಸಂತತಿಯು ಉಳಿಯಲಿ ಎಂಬುದೇ ಅವನ ಆಶಯ. ಅದು ಒಳ್ಳೆಯದೇ. ಆದರೆ ಸ್ವಿಟ್ಸರ್ಲೆಂಡಿನ ಶಾಸನಕಾರರು ಇದೇ ಪ್ರಶ್ನೆಯನ್ನು ತಲೆಕೆಳಗಾಗಿ ಕಂಡರು. ಊಟಕ್ಕಾಗಿ ಹಿಡಿದರೆ ಹಿಂಸೆಗೆ ಒಂದು ಕಾರಣವಾದರೂ ಉಂಟು. ಬಿಡುವ ಉದ್ದೇಶದಿಂದಲೇ ಹಿಡಿದರೆ ಹಿಂಸೆಯೇ ಪ್ರಯೋಜನವಾಗುತ್ತದೆಂದು ಎಣಿಸಿ, ಅಂಥ ಗಾಳವನ್ನು ಅವರು ಪ್ರಾಣಿರಕ್ಷಣೆಯ ನಿಯಮಗಳಲ್ಲಿ ನಿಷೇಧಿಸಿದರು. ಒಂದು ದೇಶದಲ್ಲಿ ದಯೆಯೆನಿಸಿದ ಕಾರ್ಯವು ಇನ್ನೊಂದರಲ್ಲಿ ಅಪರಾಧ! ಇವೆರಡರಲ್ಲಿ ಯಾವುದು ಧರ್ಮ?

ಇದಕ್ಕೆ ಉತ್ತರ ಹೇಳುವ ಮುನ್ನ ಆ ಸರೋವರಗಳ ಪೂರ್ವಕಥೆಯನ್ನು ತಿಳಿಯಬೇಕು. ಸಿಯೆರಾದ ಎತ್ತರದ ಸರೋವರಗಳಲ್ಲಿ ಬಹುಮಟ್ಟಿಗೆ ಮೀನೇ ಇರಲಿಲ್ಲ. ಕೆಳಗಣ ಹೊಳೆಗಳ ಮೀನುಗಳಿಗೆ ಕಡಿದಾದ ಜಲಪಾತಗಳನ್ನು ಏರಿ ಬರಲು ಸಾಧ್ಯವಾಗಲಿಲ್ಲ. ಅವುಗಳನ್ನು ಮೇಲಕ್ಕೆ ಹೊತ್ತವನು ಮನುಷ್ಯ. ಕರ್ನ್ ನದಿಯ ದಕ್ಷಿಣ ಶಾಖೆಗೆ ಸೇರುವ ಒಂದು ತೊರೆಯಿಂದ ಹನ್ನೆರಡು ಹದಿಮೂರು ಹೊಂಬಣ್ಣದ ಟ್ರೌಟ್ ಮೀನುಗಳನ್ನು 1876ರಲ್ಲಿ ಒಂದು ಕಾಫಿಯ ಪಾತ್ರೆಯಲ್ಲಿ ತುಂಬಿ ತಂದು ಕಾಟನ್‌ವುಡ್ ತೊರೆಗೆ ಬಿಟ್ಟರು; ಅವುಗಳ ಸಂತತಿಯು 1891ರಲ್ಲಿ ಮೇಲಿನ ಸರೋವರಗಳನ್ನು ಸೇರಿತು. ಬಳಿಕ ಹೇಸರಗತ್ತೆಗಳ ಬೆನ್ನಿನ ಮೇಲೆ ಡಬ್ಬಿಗಳಲ್ಲಿ ಮರಿಗಳು ಏರಿದುವು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ವಿಮಾನಗಳಿಂದಲೇ ಮೀನಿನ ಮರಿಗಳನ್ನು ನೀರಿಗೆ ಸುರಿಯತೊಡಗಿದರು. ಪೇಟೆಯವನು ಬೆವರು ಸುರಿಸಿ ಏರಿಹೋಗಿ ಕಂಡ ಆ ಆದಿಮವಾದ ಪ್ರಕೃತಿಯೊಳಗೆ ಅವನ ಗಾಳಕ್ಕೆ ಸಿಕ್ಕಿದ ಮೀನು ಮಾತ್ರ ಪ್ರಕೃತಿಯು ಇಟ್ಟುದಲ್ಲ, ಅವನಿಗಾಗಿಯೇ ತಂದಿರಿಸಿದ್ದು.

ಮೀನಿಲ್ಲದ ಸರೋವರವೆಂದರೆ ಬರಿದಾದ ಸರೋವರವೆಂದು ಆಗಿನವರು ತಿಳಿದರು. ಅದು ಬರಿದಾಗಿರಲಿಲ್ಲ. ಅಲ್ಲಿ ಹಳದಿಗಾಲಿನ ಒಂದು ಜಾತಿಯ ಕಪ್ಪೆ ಅಸಂಖ್ಯವಾಗಿತ್ತು. ಆ ಶೀತದಲ್ಲಿ ಅದರ ಗೊದಮೊಟ್ಟೆಯು ಕಪ್ಪೆಯಾಗಲು ಎರಡು ಮೂರು ವರ್ಷಗಳು ಬೇಕು. ಆದುದರಿಂದ ಚಳಿಗಾಲದಲ್ಲಿ ತಳದವರೆಗೂ ಹೆಪ್ಪುಗಟ್ಟದ ಆಳವಾದ ನೀರು ಅದಕ್ಕೆ ಅವಶ್ಯಕ. ಮೀನಿಗೆ ಬೇಕಾದುದೂ ಅದೇ ಆಳವಾದ ನೀರು. ಮೀನು ಗೊದಮೊಟ್ಟೆಗಳನ್ನು ತಿನ್ನುತ್ತದೆಂಬುದನ್ನು ಗ್ರಿನ್ನೆಲ್ ಮತ್ತು ಸ್ಟೋರರ್ ಎಂಬ ವಿದ್ವಾಂಸರು 1924ರ ತಮ್ಮ ಗ್ರಂಥದಲ್ಲಿಯೇ ಗುರುತಿಸಿದ್ದರು, ಕೇಳಿದವರು ಕಡಮೆ. ಮುಂದೆ ಒಂದು ಬೂಷ್ಟಿನ ರೋಗವೂ ಬಂದು ಸೇರಿ, ಸಾವಿರ ಕಂಠಗಳಿದ್ದ ದಡಗಳು ಮೌನವಾದುವು. 2014ರಲ್ಲಿ ಅಲ್ಲಿಯ ಸರಕಾರವು ಆ ಕಪ್ಪೆಯನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಮುಂಚೆಯೇ, 2001ರಿಂದ, ಕಿಂಗ್ಸ್ ಕ್ಯಾನ್ಯನ್ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ಕೆಲವು ಸರೋವರಗಳಿಗೆ ಬಲೆಗಳನ್ನು ಹಾಸಿ ಟ್ರೌಟ್ ಮೀನುಗಳನ್ನು ತೆಗೆದುಹಾಕುವ ಕಾರ್ಯವು ಮೊದಲಾಯಿತು. ಮೀನು ಹೋದಲ್ಲಿ ಕೆಲವೇ ವರ್ಷಗಳೊಳಗೆ ಕಪ್ಪೆಗಳು ಹೆಚ್ಚಿದುವು.

ಇಲ್ಲಿ ಮತ್ತೊಂದು ಆಕ್ಷೇಪವು ಏಳುತ್ತದೆ. ಮೀನು ತಾನಾಗಿ ಬಂದುದಲ್ಲ. ಮನುಷ್ಯನ ವಿನೋದಕ್ಕೆ ಬಂದಿತು, ಈಗ ಮನುಷ್ಯನ ಪಶ್ಚಾತ್ತಾಪಕ್ಕೆ ಸಾಯಬೇಕೆ? ಒಂದು ಜೀವವನ್ನು ಕೊಂದು ಇನ್ನೊಂದನ್ನು ಉಳಿಸುವುದು ಯಾವ ಅಹಿಂಸೆ? ಮಹಾಭಾರತದ ವನಪರ್ವದಲ್ಲಿ ಬರುವ ಒಂದು ಪ್ರಸಂಗವು ಈ ಸಂದರ್ಭದಲ್ಲಿ ಸ್ಮರಣೀಯವಾಗಿದೆ. ದ್ವೈತವನದ ಅಳಿದುಳಿದ ಜಿಂಕೆಗಳು ಧರ್ಮರಾಜನ ಕನಸಿನಲ್ಲಿ ಬಂದು, ತಮ್ಮ ಕುಲದಲ್ಲಿ ಬೀಜಮಾತ್ರ ಉಳಿದಿರುವುದಾಗಿಯೂ, ಪಾಂಡವರು ಬೇರೊಂದು ವನಕ್ಕೆ ಹೋಗಬೇಕೆಂದೂ ಬೇಡಿದುವು. ಅವನು ತಮ್ಮಂದಿರೊಡನೆ ಕಾಮ್ಯಕವನಕ್ಕೆ ತೆರಳಿದನು. ಒಂದೊಂದು ಜಿಂಕೆಯ ಪ್ರಾಣ ಬೇರೆ, ಜಿಂಕೆಗಳ ಕುಲ ಬೇರೆ ಎಂಬ ವಿವೇಕವು ಈ ಕಥೆಯಲ್ಲಿದೆ. ಟ್ರೌಟ್ ಮೀನಿನ ಕುಲಕ್ಕೆ ಬೇರೆ ನೀರುಗಳುಂಟು. ಈ ಕಪ್ಪೆಯ ಕುಲಕ್ಕೆ ಬೇರೆ ಬೆಟ್ಟವಿಲ್ಲ. ಆದುದರಿಂದ ಆ ಬಲೆಯು ಪುಣ್ಯಕಾರ್ಯವಲ್ಲದಿದ್ದರೂ ಋಣವನ್ನು ತೀರಿಸುವ ಕಾರ್ಯ. ಋಣ ತೀರಿಸುವಾಗ ಕೈಯಿಂದ ಏನನ್ನಾದರೂ ಕಳೆದುಕೊಳ್ಳದೆ ಗತಿಯಿಲ್ಲ.

ಹೀಗಾದ ಮೇಲೆ ಹಿಡಿದು ಬಿಡುವುದು ಧರ್ಮವೋ, ಹಿಡಿದು ತಿನ್ನುವುದು ಧರ್ಮವೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಹಿರಿಯರು ದಾನಕ್ಕೆ ಹೇಳಿದ ದೇಶ, ಕಾಲ, ಪಾತ್ರಗಳ ವಿಚಾರವು ಗಾಳಕ್ಕೂ ಸಲ್ಲುತ್ತದೆ. ಹೊಂಬಣ್ಣದ ಟ್ರೌಟ್ ತನ್ನ ತವರಾದ ಕರ್ನ್ ನದಿಯ ತೊರೆಗಳಲ್ಲಿ ವಿರಳವಾಗಿದೆ. ಅಲ್ಲಿ ಅದನ್ನು ಮುಟ್ಟದಿರುವುದು ಉತ್ತಮ, ಸಿಕ್ಕಿದರೆ ನೋಯಿಸದೆ ಬಿಡುವುದು ಮಧ್ಯಮ. ಪೂರ್ವದೇಶದಿಂದ ತಂದ ಬ್ರೂಕ್ ಟ್ರೌಟ್ ಎಂಬ ಮೀನು ಎಷ್ಟೋ ಗಿರಿಸರೋವರಗಳಲ್ಲಿ ಮಿತಿಮೀರಿ ಬೆಳೆದು, ಆಹಾರ ಸಾಲದೆ ಕೃಶವಾಗಿ, ಅಲ್ಲಿಯ ಹುಳುಹುಪ್ಪಟೆಗಳನ್ನೂ ಗೊದಮೊಟ್ಟೆಗಳನ್ನೂ ಬರಿದುಮಾಡುತ್ತದೆ; ಅಲ್ಲಿ ಹಿಡಿದವನು ಬಿಟ್ಟರೆ ದಯೆಯಲ್ಲ, ದಯೆಯ ವೇಷ. ನಿಯಮಕ್ಕೆ ಒಳಪಟ್ಟು ಹಿಡಿದು, ತಡಮಾಡದೆ ಕೊಂದು, ಉಂಡರೆ ಅವನ ಹಿಂಸೆಗೆ ಒಂದು ಅರ್ಥವಾದರೂ ಬರುತ್ತದೆ.

ಈ ವಿಚಾರವು ಕನ್ನಡನಾಡಿಗೆ ದೂರದ ಮಾತೇನೂ ಅಲ್ಲ. ಕಾವೇರಿಯಲ್ಲಿ ಗೂನುಬೆನ್ನಿನ ಮಹಶೀರ್ ಮೀನನ್ನು ಹುಡುಕಿಕೊಂಡು ದೇಶಾಂತರದ ಗಾಳಗಾರರು ಬಹುಕಾಲ ಬರುತ್ತಿದ್ದರು. ಕಳೆದ ಶತಮಾನದ ಉತ್ತರಾರ್ಧದಲ್ಲಿ, ಮೀನು ಹೆಚ್ಚಲಿ ಎಂಬ ಸದುದ್ದೇಶದಿಂದಲೇ, ಬೇರೆಡೆಯಲ್ಲಿ ಸಾಕಿದ ಇನ್ನೊಂದು ಜಾತಿಯ ಮಹಶೀರನ್ನು ಆ ನದಿಗೆ ಬಿಡಲಾಯಿತು. ಹೊಸದು ಹೆಚ್ಚಿತು, ಹಳೆಯದು ಕುಗ್ಗಿತು. 2018ರಲ್ಲಿ ಕಾವೇರಿಯ ಆ ಹಳೆಯ ನಿವಾಸಿಯನ್ನು ತೀವ್ರವಾದ ಅಳಿವಿನ ಭಯದಲ್ಲಿರುವ ಜೀವಿಯೆಂದು ಘೋಷಿಸಬೇಕಾಯಿತು. ಸದುದ್ದೇಶವೊಂದೇ ಸಾಲದು, ಸ್ಥಳದ ಜ್ಞಾನವೂ ಬೇಕೆಂಬುದಕ್ಕೆ ಸಿಯೆರಾದ ಸರೋವರವೂ ಕಾವೇರಿಯ ಮಡುವೂ ಒಂದೇ ಸಾಕ್ಷಿಯನ್ನು ನುಡಿಯುತ್ತವೆ.

ವಿನೋದವೇ ಪಾಪವೆಂದು ಹೇಳುವುದು ಈ ವಿಚಾರದ ತಾತ್ಪರ್ಯವಲ್ಲ. ಎತ್ತರಕ್ಕೆ ಏರುವ ಶ್ರಮ, ತಣ್ಣೀರಿನ ಅಂಚಿನಲ್ಲಿ ಕಾದು ಕುಳಿತಿರುವ ತಾಳ್ಮೆ, ಸಣ್ಣದೊಂದು ಹುಳುವಿನ ಹುಟ್ಟುಸಾವುಗಳನ್ನು ಅರಿಯುವ ಸೂಕ್ಷ್ಮದೃಷ್ಟಿ, ಇವು ಗುಣಗಳೇ. ಆದರೆ ಇಷ್ಟು ಸೂಕ್ಷ್ಮವಾಗಿ ನೀರನ್ನು ನೋಡಬಲ್ಲ ಕಣ್ಣು ನೂರು ವರ್ಷಗಳ ಕಾಲ ಮೀನನ್ನು ಮಾತ್ರ ಕಂಡು ಕಪ್ಪೆಯನ್ನು ಕಾಣದೆ ಹೋಯಿತು. ಮನುಷ್ಯನಿಗೆ ಬೇಕಾದುದು ಇಲ್ಲದ ಸ್ಥಳವು ಶೂನ್ಯವೆಂಬ ಭಾವನೆಯೇ ಇದಕ್ಕೆ ಮೂಲ. ಆ ಭಾವನೆ ಹೋದವನ ಕೈಯಲ್ಲಿ ಗಾಳದ ಕೋಲಿದ್ದರೂ ಅಪಾಯವು ಅಲ್ಪವೇ. ಅದು ಹೋಗದವನು ಬರಿಗೈಯಲ್ಲಿ ಹೋದರೂ ಸರೋವರಕ್ಕೆ ಕ್ಷೇಮವಿಲ್ಲ.