ಕನಕನ ಬಾಳೆಹಣ್ಣು ಮತ್ತು ನನ್ನ ಡ್ಯಾಶ್‌ಕ್ಯಾಮ್

ಸರ್ವಿಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ಬರೆದಿದ್ದ ಓಡೋಮೀಟರ್ ರೀಡಿಂಗ್ 41,286. ಶನಿವಾರ ಸಂಜೆ ವಾಪಸ್ ತಗೊಂಡಾಗ 41,309. ಅಂದ್ರೆ 23 ಕಿಲೋಮೀಟರ್. ಬ್ರೇಕ್ ಸರಿ ಹಿಡೀತಿದೆಯಾ ಅಂತ ನೋಡೋಕೆ ಎರಡು ಮೂರು ಕಿಲೋಮೀಟರ್ ಓಡಿಸಿದರೆ ಯಾರೂ ಬೇಡ ಅನ್ನಲ್ಲ. ಆದರೆ 23 ಕಿಲೋಮೀಟರ್ ಓಡಿಸಿ ಎಲ್ಲಿಗೆ ಹೋಗಿದ್ದರು?

ಮಾಮೂಲಿಯಾಗಿ ಇದು ನನ್ನ ಗಮನಕ್ಕೇ ಬರುತ್ತಿರಲಿಲ್ಲ. ಈ ಸಲ ಬಂತು, ಯಾಕಂದ್ರೆ ನಾನು ನೋಡಬೇಕು ಅಂತಲೇ ಕಾದು ಕೂತಿದ್ದೆ. ಆಫೀಸಿನ ಗೆಳೆಯನೊಬ್ಬ, "ಗ್ಯಾರೇಜಿಗೆ ಬಿಡೋವಾಗ ಡ್ಯಾಶ್‌ಕ್ಯಾಮ್ ಕಿತ್ತಿಡಬೇಡ ಗುರು, ಹಂಗೇ ಬಿಡು, ಮಜಾ ನೋಡು" ಅಂದಿದ್ದ. ಹಂಗೇ ಬಿಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಕನ್ನಡಿಯ ಹಿಂದೆ ಬೆಂಕಿಪೊಟ್ಟಣದಷ್ಟಿರುವ ಕಪ್ಪು ಡಬ್ಬಿ ಅದು. ಇಗ್ನಿಷನ್ ಆನ್ ಆದ ಕೂಡಲೇ ತಾನೇ ರೆಕಾರ್ಡ್ ಶುರು ಮಾಡುತ್ತೆ. ಕಾರ್ಡ್ ತುಂಬಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತೆ. ಮುಂದಿನ ರಸ್ತೆ ಕಾಣುತ್ತೆ, ಮೂಲೆಯಲ್ಲಿ ವೇಗ ಬರುತ್ತೆ, ಮತ್ತೆ ಕಾರಿನೊಳಗಿನ ಮಾತೆಲ್ಲ ಕೇಳುತ್ತೆ.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಉಲ್ಕೆಯೊಂದು ಸಿಡಿದಾಗ ಜಗತ್ತಿಗೆಲ್ಲ ಅದು ಕಂಡಿದ್ದು ಬಹುಪಾಲು ಅಲ್ಲಿನ ಕಾರುಗಳ ಡ್ಯಾಶ್‌ಕ್ಯಾಮ್‌ಗಳಲ್ಲಿ. ಅಪಘಾತವಾದರೆ ಸಾಕ್ಷಿಗಿರಲಿ ಅಂತ ಹಾಕಿಸಿಕೊಂಡಿದ್ದು ಆಕಾಶವನ್ನೂ ಹಿಡಿದುಕೊಂಡಿತ್ತು. ನನ್ನದೂ ಅಷ್ಟೇ. ಔಟರ್ ರಿಂಗ್ ರೋಡಿನಲ್ಲಿ ಒಬ್ಬ ಹಿಂದಿನಿಂದ ಗುದ್ದಿ, ನೀನೇ ರಿವರ್ಸ್ ಬಂದೆ ಅಂತ ನನ್ನ ಮೇಲೇ ಜಗಳಕ್ಕೆ ಬಂದ ಮೇಲೆ ಹಾಕಿಸಿದ್ದು. ಈಗ ಅದು ಗ್ಯಾರೇಜು ನೋಡುತ್ತಿತ್ತು.

ಭಾನುವಾರ ಕೂತು ನೋಡಿದೆ. ಬನಶಂಕರಿ ದಾಟಿ, ಸೌತ್ ಎಂಡ್ ಸರ್ಕಲ್, ಮಿನರ್ವಾ ಸರ್ಕಲ್, ಆಮೇಲೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ ಸಾಲು. ನನ್ನ ಕಾರು ಯಾರದ್ದೋ ಕೆಲಸಕ್ಕೆ ಹೋಗಿತ್ತು. ವಾಪಸ್ ಬರುವಾಗ ಕನಕಪುರ ರಸ್ತೆಯ ಖಾಲಿ ತುಂಡೊಂದರಲ್ಲಿ ವೇಗ 78. ಓಡಿಸ್ತಿದ್ದವನು ಫೋನಲ್ಲಿ ಯಾರಿಗೋ ಹೇಳುತ್ತಿದ್ದ: "ಅದೇ ಕಣೋ, ಟೈರಲ್ಲಿ ಗಾಳಿ ಕಮ್ಮಿ ಇದೆ ಅಂತ ಮೂರು ಸಲ ಫೋನ್ ಮಾಡಿದ್ರಲ್ಲ, ಆ ಸಾರ್ ಗಾಡಿ."

ಆ ಸಾರ್ ನಾನೇ.

ಸಂಜೆ ಅಕ್ಕ-ಭಾವ ಮನೆಗೆ ಬಂದಿದ್ದರು. ಅದನ್ನು ಟಿವಿಗೆ ಹಾಕಿ ತೋರಿಸಿದೆ. ಎಲ್ಲರೂ ನಕ್ಕರು. ಹುಡುಗ ಸಂಬಳ ಇನ್ನೂ ಆಗಿಲ್ಲ, ಮೂರು ಸಾವಿರ ಅಡ್ವಾನ್ಸ್ ಕೇಳಿದ್ದೀನಿ ಅಂತ ಸ್ನೇಹಿತನಿಗೆ ಹೇಳಿಕೊಳ್ಳುವ ಭಾಗವೂ ಓಡಿತು. ಅಲ್ಲಿ ಯಾರೂ ನಗಲಿಲ್ಲ, ಅಕ್ಕ ಎದ್ದು ಕಾಫಿಗೆ ಹೋದಳು. ನಾನು ಮುಂದಕ್ಕೆ ಓಡಿಸಿದೆ.

ಭಾವ ವಕೀಲರು. ನನ್ನ ಸಿಟ್ಟಿಗೆ ಕಾನೂನಿನ ಹೆಸರು ಕೊಟ್ಟರು. 1872ರ ಕರಾರು ಕಾಯ್ದೆಯಲ್ಲಿ ಬೇಲ್‌ಮೆಂಟ್ ಅಂತ ಒಂದು ಅಧ್ಯಾಯ ಇದೆಯಂತೆ. ಒಂದು ವಸ್ತುವನ್ನು ಒಂದು ಉದ್ದೇಶಕ್ಕೆ ಅಂತ ಇನ್ನೊಬ್ಬರ ಕೈಗೆ ಕೊಡೋದು, ಕೆಲಸ ಮುಗಿದ ಮೇಲೆ ವಾಪಸ್ ತಗೊಳ್ಳೋದು. ಡ್ರೈಕ್ಲೀನಿಂಗಿಗೆ ಕೊಟ್ಟ ಸೀರೆ, ಟೈಲರಿಗೆ ಕೊಟ್ಟ ಬಟ್ಟೆ, ಗ್ಯಾರೇಜಿಗೆ ಬಿಟ್ಟ ಕಾರು ಎಲ್ಲ ಇದೇ. 151ನೇ ಸೆಕ್ಷನ್ ಪ್ರಕಾರ, ಸಾಮಾನ್ಯ ವಿವೇಕ ಇರೋ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡ್ತಾನೋ ಅಷ್ಟೇ ಜೋಪಾನವಾಗಿ ಕೈಗೆ ಬಂದಿದ್ದನ್ನೂ ನೋಡಿಕೊಳ್ಳಬೇಕು. 154ರ ಪ್ರಕಾರ, ಒಪ್ಪಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿ ಹಾನಿಯಾದರೆ ತುಂಬಿಕೊಡಬೇಕು. ನೂರೈವತ್ತು ವರ್ಷದ ಹಿಂದಿನ ಕಾನೂನು ನನ್ನ ಪರವಾಗಿ ಬರೆದಂತಿತ್ತು.

ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ಹೋದೆ. ವೇಗ 78 ಕಾಣುವ ನಲವತ್ತು ಸೆಕೆಂಡಿನ ತುಣುಕನ್ನು ಫೋನಿನಲ್ಲಿ ತೋರಿಸಿದೆ. ಸೂಪರ್‌ವೈಸರ್ ನೋಡಿದರು, ಹಿಂದಕ್ಕೆ ತಿರುಗಿ ಹುಡುಗನನ್ನು ಕೂಗಿದರು. ಇಪ್ಪತ್ತು ಇಪ್ಪತ್ತೊಂದು ವಯಸ್ಸಿರಬಹುದು, ಕೈಯೆಲ್ಲ ಗ್ರೀಸು. "ಯಾರು ಹೇಳಿದ್ರೋ ನಿಂಗೆ ಕಸ್ಟಮರ್ ಗಾಡಿ ತಗೊಂಡ್ ತಿರುಗಾಡು ಅಂತ?" ಹುಡುಗ ಸೂಪರ್‌ವೈಸರ್ ಮುಖವನ್ನೇ ನೋಡಿದ. ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿ "ಸಾರಿ ಸಾರ್" ಅಂದ. ಬಿಲ್ಲಿನಲ್ಲಿ ಐನೂರು ರೂಪಾಯಿ ಕಡಿಮೆ ಮಾಡಿ ವಾಪಸ್ ಕೊಟ್ಟರು. ಗೆದ್ದು ಬಂದೆ.

ಆದರೆ ಆ ಹುಡುಗ ಸೂಪರ್‌ವೈಸರನ್ನು ನೋಡಿದ ರೀತಿ ಮನಸ್ಸಿನಿಂದ ಹೋಗಲಿಲ್ಲ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೇಳಿದೆ. ಕಾರು ಗ್ಯಾರೇಜಿನಿಂದ ಹೊರಡುವ ಮುಂಚೆ ಕಿಟಕಿಯ ಆಚೆಯಿಂದ ಒಂದು ದನಿ: "ಬೈಕ್ ಇಲ್ಲ, ಇದ್ರಲ್ಲೇ ಹೋಗು. ಕ್ಲಚ್ ಪ್ಲೇಟ್ ಬೇಗ ತಗೊಂಡ್ ಬಾ. ಟೆಸ್ಟ್ ಡ್ರೈವ್ ಅಂತ ಬರ್ಕೋ." ಬೆಳಿಗ್ಗೆ ಹುಡುಗನನ್ನು ಬೈದ ದನಿಯೇ ಅದು.

ಇನ್ನೊಂದು ವಿಷಯವೂ ಕೇಳಿಸಿತು. ಜೆ.ಸಿ. ರಸ್ತೆಯಿಂದ ಹೊರಟ ಸ್ವಲ್ಪ ಹೊತ್ತಿಗೆ ಹುಡುಗ ಕಾರು ಪಕ್ಕಕ್ಕೆ ಹಾಕಿದ. ಡಿಕ್ಕಿ ತೆಗೆದ ಸದ್ದು, ಕಬ್ಬಿಣ ತಾಗಿದ ಸದ್ದು. "ಇದೇನಾ ಇಷ್ಟೊತ್ತು ಟಕಟಕ ಅಂತಿದ್ದಿದ್ದು" ಅಂತ ತನ್ನಷ್ಟಕ್ಕೆ ಹೇಳಿಕೊಂಡ. ಜಾಕಿಯ ರಾಡು ಸಡಿಲವಾಗಿತ್ತು. ಆರು ತಿಂಗಳಿಂದ ಹಳ್ಳ ಬಂದಾಗಲೆಲ್ಲ ಆ ಸದ್ದು ಕೇಳಿಕೊಂಡು ಓಡಾಡಿದ್ದೇನೆ. ದೂರಿನ ಪಟ್ಟಿಯಲ್ಲಿ ಬರೆಸಿರಲಿಲ್ಲ. ಬಿಲ್ಲಿನಲ್ಲೂ ಇರಲಿಲ್ಲ. ಯಾರೂ ಕೇಳದೆ, ಯಾರಿಗೂ ಹೇಳದೆ ಅವನು ಅದನ್ನು ಬಿಗಿ ಮಾಡಿ ಇಟ್ಟಿದ್ದ.

ನೀವೂ ಸ್ಕೂಲಲ್ಲಿ ಓದಿರ್ತೀರಿ, ಕನಕನ ಬಾಳೆಹಣ್ಣಿನ ಕಥೆ. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ನೋಡದ ಕಡೆ ತಿಂದು ಬನ್ನಿ ಅಂತಾರೆ. ಒಬ್ಬ ಬಾಗಿಲ ಹಿಂದೆ, ಒಬ್ಬ ಮರದ ಮರೆಯಲ್ಲಿ ತಿಂದು ಬರ್ತಾರೆ. ಕನಕ ಮಾತ್ರ ಹಣ್ಣು ಹಾಗೇ ತಂದು ಮುಂದಿಡ್ತಾನೆ, ದೇವರು ನೋಡದ ಜಾಗ ಸಿಗಲಿಲ್ಲ ಅಂತ. ಇದಕ್ಕೆ ಸರಿಯಾಗಿ ಉಲ್ಟಾ ಕಥೆ ಪ್ಲೇಟೋನ 'ರಿಪಬ್ಲಿಕ್'ನ ಎರಡನೇ ಪುಸ್ತಕದಲ್ಲಿದೆ. ಲಿಡಿಯಾ ದೇಶದ ಕುರುಬನೊಬ್ಬನಿಗೆ ಉಂಗುರ ಸಿಗುತ್ತೆ. ಅದನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರಿಗೂ ಕಾಣಲ್ಲ. ಅವನು ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು, ರಾಜ್ಯ ಹೊಡೆದುಕೊಳ್ಳುತ್ತಾನೆ. ಯಾರ ಕೈಗೆ ಆ ಉಂಗುರ ಸಿಕ್ಕರೂ ಇದೇ ಆಗೋದು, ಜನ ನೆಟ್ಟಗಿರೋದು ಸಿಕ್ಕಿಬೀಳ್ತೀವಿ ಅನ್ನೋ ಭಯಕ್ಕೆ ಅಂತ ಗ್ಲೌಕಾನ್ ಅಲ್ಲಿ ವಾದ ಹೂಡುತ್ತಾನೆ.

'ಗ್ರಾಹಕರಿಗೆ ಪ್ರವೇಶವಿಲ್ಲ' ಅನ್ನೋ ಬೋರ್ಡಿನ ಆಚೆಗಿರೋ ಜಾಗ ಮೆಕ್ಯಾನಿಕ್ಕುಗಳಿಗೆ ಸಿಕ್ಕ ಉಂಗುರ, ನನ್ನ ಕ್ಯಾಮೆರಾ ಕನಕನ ದೇವರು. ಶುರುವಿಗೆ ನಾನು ಹೀಗೇ ಅಂದುಕೊಂಡಿದ್ದೆ. ಆ ರಾತ್ರಿ ಲೆಕ್ಕ ತಲೆಕೆಳಗಾಯ್ತು. ಹುಡುಗ ಕಾಣದವನಾಗಿರಲಿಲ್ಲ. ಅವನ ಸುತ್ತ ಸೂಪರ್‌ವೈಸರ್ ಇದ್ದರು, ಟ್ರಾಫಿಕ್ ಪೊಲೀಸ್ ಇದ್ದರು, ಊರೇ ಇತ್ತು. ಯಾರಿಗೂ ಕಾಣದೆ ಕಾರಿನಲ್ಲಿ ಕೂತಿದ್ದವನು ನಾನು. ಉಂಗುರ ಇದ್ದದ್ದು ನನ್ನ ಬೆರಳಲ್ಲಿ. ಕಾಣದೆ ಇದ್ದಾಗ ನಾನೇನು ಮಾಡಿದೆ? ಒಬ್ಬನ ಹಣದ ಕಷ್ಟವನ್ನು ಹಾಲ್‌ನಲ್ಲಿ ಟಿವಿಗೆ ಹಾಕಿದೆ. ಎರಡು ಗಂಟೆಯ ವಿಡಿಯೋದಲ್ಲಿ ನನಗೆ ಬೇಕಾದ ನಲವತ್ತು ಸೆಕೆಂಡು ಕತ್ತರಿಸಿ ಸಾಕ್ಷಿ ಅಂತ ಒಯ್ದೆ.

ಬೇಲ್‌ಮೆಂಟಿನ ಮಾತನ್ನೇ ತಗೊಳ್ಳಿ. ನಾನು ಕಾರನ್ನು ಅವರ ಕೈಗೆ ಕೊಟ್ಟಿದ್ದೆ, ಅವರು ಬೇರೆ ಕೆಲಸಕ್ಕೆ ಬಳಸಿದರು. ತಪ್ಪೇ. ಆದರೆ ಆ ಹುಡುಗನ ಮಾತೂ ನನ್ನ ಕೈಗೆ ಬಂದಿತ್ತು. ಅದೂ ಅವನು ಕೊಟ್ಟು ಬಂದಿದ್ದಲ್ಲ, ನಾನೇ ಗೊತ್ತಿಲ್ಲದಂತೆ ತಗೊಂಡಿದ್ದು. ನನ್ನದಾಗಿದ್ದರೆ ಎಷ್ಟು ಜೋಪಾನ ಮಾಡ್ತಿದ್ದೆನೋ ಅಷ್ಟು ಜೋಪಾನ ಮಾಡಿದೆನಾ? ಕಾನೂನು ಇದನ್ನು ಬೇಲ್‌ಮೆಂಟ್ ಅನ್ನಲ್ಲ, ಗೊತ್ತು. ಆದರೂ ಅಳತೆಗೋಲು ಅದೇ ಅಲ್ವಾ?

ತಮಾಷೆ ಅಂದ್ರೆ, ಕಣ್ಗಾವಲು ಅಂದ್ರೆ ಹೇಗಿರುತ್ತೆ ಅಂತ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ಚಾಟ್‌ನ ಹಸಿರು ಚುಕ್ಕಿ ಹಳದಿಯಾಗದಿರಲಿ ಅಂತ ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಮೌಸ್ ಅಲ್ಲಾಡಿಸಿದವರು ನಾವು. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಸ್ಕ್ರೀನ್‌ಶಾಟ್ ತೆಗೆಯುತ್ತಂತೆ ಅಂತ ಸುದ್ದಿ ಹಬ್ಬಿದಾಗ ಅದರ ಕ್ಯಾಮೆರಾಕ್ಕೆ ಪ್ಲಾಸ್ಟರ್ ಅಂಟಿಸಿದವರು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಾಗ ಸ್ಟೇಟಸ್ ಹಾಕಿಕೊಂಡು ಖುಷಿಪಟ್ಟವನು ನಾನು. ಆ ಕೇಸಿನ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅನ್ನೋ ಹೆಮ್ಮೆ ಬೇರೆ. ಆ ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕುರಿತದ್ದು. ಆದರೆ ಅದರಲ್ಲಿ ಬರುವ ಒಂದು ಪರೀಕ್ಷೆ ಗ್ಯಾರೇಜಿಗೂ ಒಪ್ಪುತ್ತೆ: ಇನ್ನೊಬ್ಬರ ಖಾಸಗಿತನಕ್ಕೆ ಕೈ ಹಾಕಲೇಬೇಕು ಅಂದ್ರೆ ಅದಕ್ಕೆ ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಹಾಕಬೇಕು.

ಹಾಗಂತ ಕ್ಯಾಮೆರಾ ಕಿತ್ತು ಬಿಸಾಕಿ ಅನ್ನುತ್ತಿಲ್ಲ. ಬಾನೆಟ್ಟಿನ ಕೆಳಗೇನಾಯ್ತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತೆ? ಏರ್ ಫಿಲ್ಟರ್ ನಿಜವಾಗಿ ಬದಲಾಯಿಸಿದರೋ, ಹಳೆಯದನ್ನೇ ಕೊಡವಿ ಹಾಕಿದರೋ, ಬಿಲ್ ನೋಡಿ ಹೇಳೋಕಾಗಲ್ಲ. ಅವರಿಗೆ ಎಲ್ಲ ಗೊತ್ತು, ನಮಗೆ ಏನೂ ಗೊತ್ತಿಲ್ಲ. ಅಂಥ ಕಡೆ ಸಾಕ್ಷಿ ಬೇಕು ಅನ್ನಿಸೋದು ಸಹಜ. ಅಷ್ಟಕ್ಕೂ ಆ ಸೂಪರ್‌ವೈಸರ್ ಸುಳ್ಳು ಗೊತ್ತಾಗಿದ್ದು ಅದೇ ಕ್ಯಾಮೆರಾದಿಂದ. ಅದಿಲ್ಲದಿದ್ದರೆ ಹುಡುಗನ ಪರವಾಗಿ ಸಾಕ್ಷಿ ಹೇಳೋಕೆ ಯಾರೂ ಇರುತ್ತಿರಲಿಲ್ಲ. ಕ್ಯಾಮೆರಾ ಇಲ್ಲದಿದ್ದರೆ ಅವನ ಮೇಲೆ ಆರೋಪವೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಮೊದಲೇ ಹೇಳಿಬಿಟ್ರೆ ಅವರು ಹುಷಾರಾಗಿರ್ತಾರಲ್ಲ, ಅವರ ನಿಜವಾದ ಬಣ್ಣ ಹೆಂಗೆ ಗೊತ್ತಾಗುತ್ತೆ?" ಅಂದ. ಒಳ್ಳೆಯ ಪ್ರಶ್ನೆ. ಆದರೆ ಅವರ ಬಣ್ಣ ನನಗ್ಯಾಕೆ ಬೇಕು? ನನಗೆ ಬೇಕಿರೋದು ಕಾರು ಜೋಪಾನವಾಗಿರೋದು. ಕ್ಯಾಮೆರಾ ಇದೆ ಅಂತ ಹೇಳಿದ್ದಕ್ಕೇ ಹುಷಾರಾಗಿದ್ದರೆ ನನ್ನ ಕೆಲಸ ಆಯ್ತಲ್ಲ. ಗೊತ್ತಿಲ್ಲದಂತೆ ಇಟ್ಟ ಕ್ಯಾಮೆರಾ ಕಾರನ್ನು ಕಾಯಲ್ಲ, ಅದು ಜನ ತಪ್ಪು ಮಾಡಲಿ ಅಂತ ಕಾಯುತ್ತೆ. ಆ ಭಾನುವಾರ ನಾನು ಏನೂ ತಪ್ಪಾಗಿರದಿರಲಿ ಅಂತ ನೋಡೋಕೆ ಕೂತಿರಲಿಲ್ಲ, ಏನಾದರೂ ಸಿಗಲಿ ಅಂತ ಕೂತಿದ್ದೆ. ಅದಕ್ಕೇ ಜಾಕಿ ರಾಡಿನ ಸದ್ದು ಮೊದಲ ಸಲ ನನಗೆ ಕೇಳಿಸಲೇ ಇಲ್ಲ. ಶಿಷ್ಯರನ್ನು ಪರೀಕ್ಷೆ ಮಾಡೋ ಹಕ್ಕು ಗುರುವಿಗಿತ್ತು. ಆ ಗುರು ಕೂಡ ಮರದ ಹಿಂದೆ ಯಾರನ್ನೂ ನಿಲ್ಲಿಸಿರಲಿಲ್ಲ. ನಾನು ಬರೀ ಗಿರಾಕಿ.

ಮಂಗಳವಾರ ಮತ್ತೆ ಹೋದೆ. ಈ ಸಲ ಮಾಲೀಕರನ್ನು ಕೇಳಿ, ಪೂರ್ತಿ ಆಡಿಯೋ ಕೇಳಿಸಿದೆ. ಸಂಬಳದ ಭಾಗ ಬಿಟ್ಟು. ಅವರು ಸುಮ್ಮನೆ ಕೇಳಿದರು, "ನಾವು ವಿಚಾರಿಸ್ತೀವಿ ಸಾರ್" ಅಂದರು. ಹುಡುಗ ಎಲ್ಲಿ ಅಂದೆ. "ವಾಷಿಂಗಿಗೆ ಹಾಕಿದ್ದೀವಿ, ನೀವು ಕಂಪ್ಲೇಂಟ್ ಮಾಡಿದ್ರಲ್ಲ." ಹಿಂದಕ್ಕೆ ಹೋದೆ. ಯಾರದೋ ಕಾರಿಗೆ ಸೋಪು ಹಚ್ಚುತ್ತಿದ್ದ. ನಾನು ಕಾರಲ್ಲಿ ಕ್ಯಾಮೆರಾ ಇಟ್ಟಿದ್ದು ಹೇಳಬೇಕಿತ್ತು, ತಪ್ಪಾಯ್ತು ಅಂದೆ. ಮಾಲೀಕರಿಗೆ ಎಲ್ಲ ಕೇಳಿಸಿದ್ದೀನಿ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಫೋನಲ್ಲಿ ಮಾತಾಡಿದ್ದೂ ಬಂದಿತ್ತಾ ಸಾರ್?" ಅಂತ ಕೇಳಿದ.

ಹೌದು ಅಂದೆ. ಅಳಿಸಿದ್ದೀನಿ ಅಂತಲೂ ಹೇಳಿದೆ. ಅಳಿಸಿದ್ದೂ ನಿಜ. ಆದರೆ ಭಾನುವಾರ ನಾಲ್ಕು ಜನ ಕೂತು ಕೇಳಿದ್ದೆವು ಅನ್ನೋದನ್ನು ಹೇಳೋಕೆ ಬಾಯಿ ಬರಲಿಲ್ಲ.

ಮೊನ್ನೆ ಮುಂದಿನ ಸರ್ವಿಸ್ ಇತ್ತು. ಅದೇ ಗ್ಯಾರೇಜಿಗೆ ಬಿಟ್ಟೆ. ಜಾಬ್ ಕಾರ್ಡಿನ ದೂರಿನ ಪಟ್ಟಿಯ ಕೆಳಗೆ ನಾನೇ ಬರೆದೆ: 'ಕಾರಿನಲ್ಲಿ ಕ್ಯಾಮೆರಾ ಆನ್ ಇದೆ. ಮೈಕ್ ಆಫ್ ಮಾಡಿದ್ದೇನೆ.' ಅಡ್ವೈಸರ್ ಓದಿ ಒಂದು ಥರಾ ನೋಡಿದರು. ಇದರಿಂದ ಗ್ಯಾರೇಜು ಬದಲಾಗಿದೆಯಾ, ಗೊತ್ತಿಲ್ಲ. ವಾಪಸ್ ಬಂದಾಗ ಓಡೋಮೀಟರಿನಲ್ಲಿ ಮೂರು ಕಿಲೋಮೀಟರ್ ಹೆಚ್ಚಿತ್ತು. ಈ ಸಲ ಕಾರ್ಡ್ ತೆಗೆದು ನೋಡಲಿಲ್ಲ.