ಯಜಮಾನನಿಗೆ ಪ್ರತಿನಿಧಿಯಿಲ್ಲ

ಭಾಗಮಂಡಲದಲ್ಲಿ ವಾಸಿಸುವ ಒಬ್ಬರಿಗೆ ಎಷ್ಟು ಮಂದಿ ಪ್ರತಿನಿಧಿಗಳಿದ್ದಾರೆ ಎಂದು ಎಣಿಸಹೊರಟರೆ ಒಂದು ಕೈಯ ಬೆರಳು ಸಾಲುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಾರ್ಡಿನ ಸದಸ್ಯರಿದ್ದಾರೆ. ವಿಧಾನಸಭೆಯಲ್ಲಿ ವಿರಾಜಪೇಟೆ ಕ್ಷೇತ್ರದ ಶಾಸಕರಿದ್ದಾರೆ. ತಾಲ್ಲೂಕು ಮಡಿಕೇರಿಯದ್ದಾದರೂ ಮತ ಬೀಳುವುದು ವಿರಾಜಪೇಟೆಗೆ. ಲೋಕಸಭೆಯಲ್ಲಿ ಮೈಸೂರು–ಕೊಡಗು ಸಂಸದರು. ವಿಧಾನ ಪರಿಷತ್ತಿನಲ್ಲಿ ಕೊಡಗು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಒಬ್ಬರು, ನೈರುತ್ಯ ಪದವೀಧರರ ಕ್ಷೇತ್ರದಿಂದ ಒಬ್ಬರು, ನೈರುತ್ಯ ಶಿಕ್ಷಕರ ಕ್ಷೇತ್ರದಿಂದ ಇನ್ನೊಬ್ಬರು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲೂ ಕುರ್ಚಿಗಳಿವೆ, ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಇಷ್ಟಿದ್ದೂ ಮಳೆಗಾಲದಲ್ಲಿ ಕಾವೇರಿ, ಕನ್ನಿಕೆ ಎರಡೂ ಉಕ್ಕಿ ಸಂಗಮ ದಾಟಿ ರಸ್ತೆಗೆ ಬಂದಾಗ ಇಂಥ ಊರುಗಳಲ್ಲಿ ಏಳುವ ಮಾತು ಒಂದೇ: ನಮ್ಮನ್ನು ಕೇಳುವವರು ಯಾರು? ಕನ್ನಡದ ‘ಕೇಳು’ ವಿಚಿತ್ರವಾದ ಕ್ರಿಯಾಪದ. ಪ್ರಶ್ನಿಸುವುದೂ ಅದೇ, ಆಲಿಸುವುದೂ ಅದೇ, ಬೇಡುವುದೂ ಅದೇ. ಪ್ರಾತಿನಿಧ್ಯದ ಪ್ರಶ್ನೆಯನ್ನು ರಾಜ್ಯಶಾಸ್ತ್ರದ ಪುಸ್ತಕಗಳು ಸಾಮಾನ್ಯವಾಗಿ ‘ಎಷ್ಟು ಜನಕ್ಕೆ ಎಷ್ಟು ಸ್ಥಾನ’ ಎಂಬಲ್ಲಿಂದ ಶುರು ಮಾಡುತ್ತವೆ. ಊರು ಶುರು ಮಾಡುವುದು ‘ಕೇಳುವವರು ಯಾರು’ ಎಂಬಲ್ಲಿಂದ. ಈ ಎರಡು ಪ್ರಶ್ನೆಗಳು ಒಂದೇ ಅಲ್ಲ. ಅವುಗಳ ನಡುವಿನ ಅಂತರವೇ ಈ ಬರಹದ ವಿಷಯ.

ಮೊದಲು ಲೆಕ್ಕವನ್ನೇ ನೋಡೋಣ. 1950ರಿಂದ 1956ರವರೆಗೆ ಕೊಡಗು ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯವಾಗಿತ್ತು. 1952ರಿಂದ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ವಿಧಾನಸಭೆಯಲ್ಲಿ 24 ಸದಸ್ಯರು. 1951ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 2,29,405. ಅಂದರೆ ಹತ್ತು ಸಾವಿರಕ್ಕೂ ಕಡಿಮೆ ಜನರಿಗೆ ಒಬ್ಬ ಶಾಸಕ. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನ ಒಂದು ಜಿಲ್ಲೆಯಾಯಿತು. ಮುಂದೆ ಬಹುಕಾಲ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರು ಕ್ಷೇತ್ರಗಳಿದ್ದವು. 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದಾಗ ಸೋಮವಾರಪೇಟೆ ಮಾಯವಾಗಿ ಎರಡು ಉಳಿದವು.

ಅನ್ಯಾಯವಾಯಿತೇ? ಅಂಕಿ ಇಟ್ಟು ನೋಡಿದರೆ ಹಾಗೆ ಹೇಳುವುದು ಕಷ್ಟ. ಮರುವಿಂಗಡಣೆಗೆ ಆಧಾರ 2001ರ ಜನಗಣತಿ. ರಾಜ್ಯದ ಜನಸಂಖ್ಯೆ 5.28 ಕೋಟಿ, ಸ್ಥಾನ 224. ಒಂದು ಸ್ಥಾನಕ್ಕೆ ಸರಾಸರಿ 2.36 ಲಕ್ಷ. ಕೊಡಗಿನ ಜನಸಂಖ್ಯೆ 5,48,561. ಭಾಗಿಸಿದರೆ ಬರುವುದು 2.32. ಮೂರು ಕೊಟ್ಟರೆ ಕೊಡಗಿನವರ ಒಂದೊಂದು ಮತಕ್ಕೂ ಬೇರೆಯವರ ಮತಕ್ಕಿಂತ ಹೆಚ್ಚು ತೂಕ ಬರುತ್ತಿತ್ತು, ಎರಡು ಕೊಟ್ಟರೆ ತುಸು ಕಡಿಮೆ. ಎರಡೇ ಹತ್ತಿರದ ಉತ್ತರ. ಉಳಿದ 0.32ರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದಾರೆ ಎಂಬುದು ನಿಜವಾದರೂ ಯಾವ ಭಾಗಾಕಾರದಲ್ಲೂ ಶೇಷ ಉಳಿಯುತ್ತದೆ.

ಲೆಕ್ಕಕ್ಕೆ ಕಾಣದ ಇನ್ನೊಂದು ನಷ್ಟವೂ ಆಗ ಆಯಿತು. ಹಳೆಯ ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರವಾಗಿತ್ತು. ಹೊಸ ವಿಂಗಡಣೆಯಲ್ಲಿ ಎರಡೂ ಸಾಮಾನ್ಯ ಕ್ಷೇತ್ರಗಳಾದವು. ಸುಮಾರು ಹತ್ತರಲ್ಲೊಬ್ಬರು ಪರಿಶಿಷ್ಟ ಪಂಗಡದವರಿರುವ, ಜೇನುಕುರುಬರು ಮತ್ತು ಯರವರ ನೆಲೆಯಾದ ಜಿಲ್ಲೆಯಲ್ಲಿ ಅವರಿಗೆಂದೇ ಇದ್ದ ಸ್ಥಾನ ಇಲ್ಲವಾಯಿತು. ‘ನಮ್ಮ ಒಂದು ಸೀಟು ಹೋಯಿತು’ ಎಂಬ ಮಾತು ಕೊಡಗಿನಲ್ಲಿ ಕೇಳಿದಷ್ಟು ‘ಅವರ ಸೀಟು ಹೋಯಿತು’ ಎಂಬುದು ಕೇಳುವುದಿಲ್ಲ. ಈ ‘ನಾವು’ ಯಾರು ಎಂಬುದಕ್ಕೆ ಮುಂದೆ ಬರುತ್ತೇನೆ.

ಬೆಟ್ಟದ ಸೀಮೆಯವರ ವಾದಕ್ಕೂ ಹುರುಳಿದೆ. ಜನ ಕಡಿಮೆ ಇರಬಹುದು, ನೆಲ ಕಡಿಮೆಯಿಲ್ಲ. 4,102 ಚದರ ಕಿಲೋಮೀಟರಿಗೆ ಇಬ್ಬರೇ ಶಾಸಕರು ಸಾಕೇ? ಇಲ್ಲಿ ಹುಟ್ಟುವ ನದಿ ಎಷ್ಟೋ ಊರುಗಳ ಕೊಡ ತುಂಬಿಸುತ್ತದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 284.75 ಟಿಎಂಸಿ ಕಾವೇರಿ ನೀರನ್ನು ಹಂಚಿತು. ಆ ವ್ಯಾಜ್ಯದಲ್ಲಿ ಕಕ್ಷಿಗಳಾಗಿದ್ದವು ಮೂರು ರಾಜ್ಯಗಳು ಮತ್ತು ಪುದುಚೇರಿ. ನದಿ ಹುಟ್ಟುವ ಜಿಲ್ಲೆಗೆ ಅಲ್ಲಿ ಬೇರೆ ದನಿಯಿರಲಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು. ಹೀಗೆ ಕುಸಿಯುವ ಬೆಟ್ಟಕ್ಕೆ, ಉಕ್ಕುವ ನದಿಗೆ ಒಂದು ತೂಕ ಬೇಡವೇ?

ಈ ಪ್ರಶ್ನೆಗೆ ಅಮೆರಿಕದಲ್ಲಿ ನ್ಯಾಯಾಲಯವೇ ಉತ್ತರ ಕೊಡಬೇಕಾಗಿ ಬಂತು. ಅಲಬಾಮಾ ರಾಜ್ಯದ ಸೆನೆಟ್‌ನಲ್ಲಿ ಯಾವ ಕೌಂಟಿಗೂ ಒಬ್ಬರಿಗಿಂತ ಹೆಚ್ಚು ಸೆನೆಟರ್ ಇರುವಂತಿರಲಿಲ್ಲ. ಕ್ಷೇತ್ರಗಳು 1900ರ ಜನಗಣತಿಯ ಆಧಾರದಲ್ಲೇ ನಿಂತುಬಿಟ್ಟಿದ್ದವು. ಆರು ಲಕ್ಷಕ್ಕೂ ಮಿಕ್ಕಿ ಜನರಿದ್ದ ಜೆಫರ್ಸನ್ ಕೌಂಟಿಗೂ ಒಬ್ಬರು, ಹದಿನೈದು ಸಾವಿರ ಚಿಲ್ಲರೆ ಜನರ ಲೌಂಡ್ಸ್ ಕೌಂಟಿಗೂ ಒಬ್ಬರು. 1964ರಲ್ಲಿ ರೆನಾಲ್ಡ್ಸ್ ವಿರುದ್ಧ ಸಿಮ್ಸ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಇದನ್ನು ತಳ್ಳಿಹಾಕಿದರು. ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂಬುದು ಅವರ ತೀರ್ಪಿನ ಸಾರ. ಆಮೇಲೆ ರಾಜ್ಯಗಳ ಸೆನೆಟ್ ಕ್ಷೇತ್ರಗಳನ್ನೂ ಜನಸಂಖ್ಯೆಯ ಸಮಪಾಲಿನಲ್ಲೇ ಬರೆಯಬೇಕಾಯಿತು.

ಮರ ಮತ್ತು ಎಕರೆಯ ಮಾತು ಕೊಡಗಿನಲ್ಲಿ ಕೂತು ಓದಿದರೆ ಬೇರೆಯೇ ರೀತಿ ತಟ್ಟುತ್ತದೆ. ಇಲ್ಲಿ ಮರ ಎಂದರೆ ನೆರಳು, ಮೆಣಸಿನ ಬಳ್ಳಿಯ ಆಸರೆ, ಬೆಟ್ಟವನ್ನು ಹಿಡಿದಿಟ್ಟ ಬೇರು. ಅದಕ್ಕೆ ಬೆಲೆಯಿಲ್ಲವೇ ಎಂದು ಮನಸ್ಸು ಕೇಳುತ್ತದೆ. ಬೆಲೆಯಿದೆ. ಆದರೆ ಮರಕ್ಕೆ ಮತ ಕೊಟ್ಟರೆ ಅದನ್ನು ಚಲಾಯಿಸುವವರು ಯಾರು? ಮರ ಮತಗಟ್ಟೆಗೆ ನಡೆದು ಬರುವುದಿಲ್ಲ. ಅದರ ಮತ ಅದರ ಒಡೆಯರ ಕೈಗೆ ಸೇರುತ್ತದೆ. ಎಕರೆಗೆ ತೂಕ ಕೊಡುವುದೆಂದರೆ ಎಕರೆ ಇರುವವರಿಗೆ ತೂಕ ಕೊಟ್ಟಂತೆ. ತೋಟದ ಲೈನ್ ಮನೆಯಲ್ಲಿ ಹುಟ್ಟಿ, ಅಲ್ಲೇ ಕಾಫಿ ಕೊಯ್ದು, ತನ್ನದೆಂಬ ಒಂದು ಸೆಂಟ್ ಜಾಗವೂ ಇಲ್ಲದೆ ಬದುಕುವ ಯರವ ಹೆಣ್ಣುಮಗಳಿಗೆ ಈ ನೆಲದ ಜೊತೆಗಿರುವ ಸಂಬಂಧ ಯಾರದಕ್ಕಿಂತಲೂ ಕಡಿಮೆಯಲ್ಲ. ಅವಳ ಕಾಲಡಿಯ ನೆಲ ಮಾತ್ರ ಇನ್ನೊಬ್ಬರ ಹೆಸರಿನಲ್ಲಿದೆ. ಮತಗಟ್ಟೆಯಲ್ಲಿ ತೋಟದ ಒಡೆಯರಿಗೂ ಅವಳಿಗೂ ಒಂದೇ ಮತ. ಅವರಿಬ್ಬರೂ ಸಮವಾಗುವ ಜಾಗಗಳು ಇಲ್ಲಿ ಬಹಳ ಇಲ್ಲ. ಆ ಒಂದನ್ನೂ ಬೆಟ್ಟದ ಹೆಸರಿನಲ್ಲಿ ಕಳೆಯುವುದು ಬೆಟ್ಟಕ್ಕೂ ಮಾಡುವ ಅವಮಾನ. ‘ನಮ್ಮ ಸೀಟು’ ಎನ್ನುವ ‘ನಾವು’ ಅವಳನ್ನು ಒಳಗೊಳ್ಳುತ್ತದೆಯೇ ಎಂಬುದು ಈ ಮಾತಿನ ನಿಜವಾದ ಪರೀಕ್ಷೆ.

ಹಾಗಾದರೆ ಊರಿಗೆ ಮತದ ತೂಕ ಬೇಡ, ದನಿ ಬೇಕು. ಆ ದನಿಗೆಂದೇ ನಮ್ಮ ಸಂವಿಧಾನ ಒಂದು ಜಾಗ ಇಟ್ಟಿದೆ. ಅದು ಮೇಲ್ಮನೆ.

ಮೇಲ್ಮನೆಯಲ್ಲಿ ಕೊಡಗಿನ ಕಥೆ ಸ್ವಾರಸ್ಯವಾದದ್ದು. 1952ರಲ್ಲಿ ರಾಜ್ಯಸಭೆ ಶುರುವಾದಾಗ ಅಜ್ಮೀರ್ ಮತ್ತು ಕೊಡಗು ಎರಡಕ್ಕೂ ಸೇರಿ ಒಂದೇ ಸ್ಥಾನವಿತ್ತು. ರಾಜಸ್ಥಾನದ ನಡುವಿನ ಮರಳುಸೀಮೆಗೂ ಪಶ್ಚಿಮಘಟ್ಟದ ಮಳೆಸೀಮೆಗೂ ಇದ್ದ ಸಾಮ್ಯ ಒಂದೇ: ಎರಡೂ ಸಣ್ಣವು. ಇಂದು ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಗೆ ಮೀಸಲು. ಅದರಲ್ಲಿ ಒಂದು ಕೊಡಗಿನದು. ಲೋಕಸಭೆಗೆ ಕೊಡಗು ಮೈಸೂರಿನ ಜೊತೆ, ಪದವೀಧರರ ಮತ್ತು ಶಿಕ್ಷಕರ ಸ್ಥಾನಗಳಿಗೆ ಕರಾವಳಿ ಹಾಗೂ ಮಲೆನಾಡಿನ ಜಿಲ್ಲೆಗಳ ಜೊತೆ. ವಿಧಾನಸಭೆಗೆ ಅದು ಎರಡು ಹೋಳು. ಇಡೀ ಕೊಡಗು ಒಂದೇ ಕ್ಷೇತ್ರವಾಗಿ, ಬೇರೇನೂ ಸೇರದೆ ನಿಲ್ಲುವುದು ಈ ಒಂದು ಸ್ಥಾನದಲ್ಲಿ ಮಾತ್ರ.

ಆದರೆ ಇಲ್ಲಿ ಮತ ಹಾಕುವವರು ಊರಿನವರಲ್ಲ, ಊರಿನವರು ಆರಿಸಿದ ಸದಸ್ಯರು. 2021ರ ಡಿಸೆಂಬರ್‌ನಲ್ಲಿ ಬಿಜೆಪಿಯ ಸುಜಾ ಕುಶಾಲಪ್ಪ ಕಾಂಗ್ರೆಸ್ಸಿನ ಮಂಥರ್ ಗೌಡ ಅವರನ್ನು 102 ಮತಗಳಿಂದ ಸೋಲಿಸಿದರು. ಐದೂವರೆ ಲಕ್ಷ ಜನರ ಜಿಲ್ಲೆಯಲ್ಲಿ ಮತ ಹಾಕಿದವರು ಸುಮಾರು 1,300 ಮಂದಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದಿದ್ದರಿಂದ ಅವುಗಳ ಸದಸ್ಯರು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಸೋತವರು 2023ರಲ್ಲಿ ಮಡಿಕೇರಿಯ ಶಾಸಕರಾದರು. ಆ ಚುನಾವಣೆ ಮನೆಮನೆಗೆ ತಲುಪಿತು. ಪರಿಷತ್ತಿನ ಚುನಾವಣೆ ತಲುಪಿದ್ದು ಸ್ಥಳೀಯ ಸಂಸ್ಥೆಗಳ ಸದಸ್ಯರ ಮನೆಗಳಿಗೆ ಮಾತ್ರ. ಊರಿಗೆಂದೇ ಇರುವ ಏಕೈಕ ಕುರ್ಚಿಯನ್ನು ಆರಿಸುವಾಗ ಊರು ನೋಡುತ್ತ ನಿಂತಿರುತ್ತದೆ.

ಇದನ್ನು ಯೋಚಿಸಲು ಒಂದು ಹಳೆಯ ಶಾಸ್ತ್ರ ಸಹಾಯಕ್ಕೆ ಬರುತ್ತದೆ. ‘ಪ್ರತಿನಿಧಿ’ ಎಂಬ ಪದ ರಾಜಕಾರಣಕ್ಕೆ ಬರುವ ಮೊದಲು ಯಜ್ಞಕ್ಕೆ ಸೇರಿದ್ದು. ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದರ ದೀರ್ಘ ಚರ್ಚೆಯಿದೆ. ಹೇಳಿದ ಭತ್ತ ಸಿಗದಿದ್ದರೆ ಕಾಡುಭತ್ತ, ಸೋಮ ಸಿಗದಿದ್ದರೆ ಪೂತೀಕ. ಹೀಗೆ ಒಂದರ ಜಾಗದಲ್ಲಿ ಇಡುವ ಇನ್ನೊಂದೇ ಪ್ರತಿನಿಧಿ. ಪೂಜೆಯಲ್ಲಿ ವಸ್ತ್ರವಿಲ್ಲದಾಗ ಅಕ್ಷತೆ ಹಾಕುವವರಿಗೆಲ್ಲ ಇದು ಗೊತ್ತಿರುವ ಸಂಗತಿ.

ಮೀಮಾಂಸಕರು ಇಲ್ಲಿ ಎರಡು ಸೂಕ್ಷ್ಮ ನಿಯಮಗಳನ್ನು ಹೇಳುತ್ತಾರೆ. ಒಂದು, ಪ್ರತಿನಿಧಿ ಮೂಲವಸ್ತುವನ್ನು ಹೋಲಬೇಕು. ಆ ಪ್ರತಿನಿಧಿಯೂ ಹಾಳಾಗಿ ಇನ್ನೊಂದನ್ನು ತರಬೇಕಾದರೆ, ಹೊಸತು ಹೋಲಬೇಕಾದ್ದು ಮೂಲವನ್ನೇ ಹೊರತು ನಡುವೆ ಬಂದ ಪ್ರತಿನಿಧಿಯನ್ನಲ್ಲ. ಎರಡು, ದ್ರವ್ಯಕ್ಕೆ ಪ್ರತಿನಿಧಿ ಉಂಟು, ಯಜಮಾನನಿಗೆ ಇಲ್ಲ. ಯಾಕೆಂದರೆ ಕರ್ಮದ ಫಲ ಅವನದು. ಅವನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರೆ ಕೆಲಸ ನಡೆದರೂ ಅದು ಯಾರದ್ದೆಂದು ಹೇಳಲಾಗದು.

ಯಜ್ಞದ ನಿಯಮವನ್ನು ಪ್ರಜಾಪ್ರಭುತ್ವಕ್ಕೆ ಹಾಗೇ ಎತ್ತಿ ಹಾಕಲಾಗದು. ಯಾರಿಗೆ ಯಜಮಾನನಾಗುವ ಅಧಿಕಾರವಿದೆ ಎಂಬಲ್ಲಿ ಆ ಶಾಸ್ತ್ರ ಬಹುಜನರನ್ನು ಹೊರಗಿಟ್ಟಿತು. ನಮ್ಮ ಸಂವಿಧಾನ ಎಲ್ಲರನ್ನೂ ಒಳಗೆ ಕರೆಯಿತು. ಆದರೆ ಎಲ್ಲರೂ ಯಜಮಾನರಾದ ಮೇಲೆ ಆ ಎರಡು ನಿಯಮಗಳು ಇನ್ನಷ್ಟು ಬಿಗಿಯಾಗುತ್ತವೆ. ಪಂಚಾಯಿತಿ ಸದಸ್ಯ ಊರಿನ ಪ್ರತಿನಿಧಿ, ಪರಿಷತ್ ಸದಸ್ಯ ಆ ಪ್ರತಿನಿಧಿಯ ಪ್ರತಿನಿಧಿ. ಅವರು ಹೋಲಬೇಕಾದ್ದು, ಉತ್ತರ ಹೇಳಬೇಕಾದ್ದು ತಮಗೆ ಮತ ಹಾಕಿದ 1,300 ಮಂದಿಗಲ್ಲ, ಅವರ ಹಿಂದಿರುವ ಐದೂವರೆ ಲಕ್ಷಕ್ಕೆ. ಶಾಸಕರು ನಮ್ಮ ಪರವಾಗಿ ಕಾನೂನು ಮಾಡಬಹುದು, ಹಣ ತರಬಹುದು, ವಾದಿಸಬಹುದು. ಆದರೆ ಫಲ ಉಣ್ಣುವವರು, ನೆರೆಯ ನೀರು ಮನೆಗೆ ನುಗ್ಗಿದಾಗ ಸಾಮಾನು ಎತ್ತಿಡುವವರು ಇಲ್ಲಿಯವರೇ. ಅವರ ಇರವಿಗೆ ಬದಲಿ ಇಲ್ಲ.

ಆ ಇರವಿಗೆ ಕಾನೂನಿನಲ್ಲೇ ಜಾಗವಿದೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಯಲ್ಲಿ ಯಾರೂ ಯಾರ ಪರವಾಗಿಯೂ ಕೂರುವುದಿಲ್ಲ. ಮತದಾರರೆಲ್ಲರೂ ಅದರ ಸದಸ್ಯರು. ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿ ಬಂದ ಮಾಧವ ಗಾಡ್ಗೀಳ್ ಸಮಿತಿಯ ವರದಿಯನ್ನು ನಿರ್ಬಂಧಗಳ ಪಟ್ಟಿ ಎಂದೇ ಹಲವರು ವಿರೋಧಿಸಿದರು. ಬೆಟ್ಟದ ವಿಚಾರದ ತೀರ್ಮಾನಗಳು ಗ್ರಾಮಸಭೆಗಳಿಂದ ಮೇಲಕ್ಕೆ ಹೋಗಬೇಕು ಎಂದು ಅದು ಹೇಳಿದ್ದು ಅಷ್ಟಾಗಿ ಚರ್ಚೆಯಾಗಲಿಲ್ಲ. ಬೆಟ್ಟಕ್ಕೆ ಮತವಿಲ್ಲದೆಯೂ ದನಿ ಸಿಗುವ ದಾರಿ ಅದು: ಅಲ್ಲಿ ಎಕರೆ ಇದ್ದವರೂ ಇಲ್ಲದವರೂ ಒಂದೇ ಜಮಖಾನೆಯ ಮೇಲೆ ಕೂತು ಬೆಟ್ಟದ ಬಗ್ಗೆ ಮಾತಾಡಬೇಕು.

ಗ್ರಾಮಸಭೆಗೆ ಜನ ಬರುವುದಿಲ್ಲ, ಬಂದವರು ಮನೆ ಮಂಜೂರಾತಿಯ ಪಟ್ಟಿ ನೋಡಿ ಎದ್ದು ಹೋಗುತ್ತಾರೆ, ಲೈನ್ ಮನೆಯವರು ಒಡೆಯರ ಎದುರು ಬಾಯಿ ಬಿಡುವುದಿಲ್ಲ ಎಂಬ ಆಕ್ಷೇಪಣೆಗಳಿವೆ. ಮೂರೂ ನಿಜವೇ. ಆದರೆ ಜನ ಬಾರದಿರುವುದಕ್ಕೆ ಅಲ್ಲಿ ಉತ್ತರ ಹೇಳುವವರು ಇಲ್ಲದಿರುವುದೂ ಒಂದು ಕಾರಣ. ಕೊಡಗಿನಲ್ಲಿ ಗ್ರಾಮ ಪಂಚಾಯಿತಿಗಳು ನೂರರ ಆಸುಪಾಸು. ಪರಿಷತ್ ಸದಸ್ಯರ ಅವಧಿ ಆರು ವರ್ಷ, ಅಂದರೆ 72 ತಿಂಗಳು. ತಿಂಗಳಿಗೆ ಎರಡು ಗ್ರಾಮಸಭೆಯಲ್ಲಿ ಕೂತರೂ ಒಂದು ಅವಧಿಯಲ್ಲಿ ಜಿಲ್ಲೆಯನ್ನು ಪೂರ್ತಿ ಸುತ್ತಿ ಬರಬಹುದು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, ಹೊಸ ಸೀಟು ಬೇಡ. ಬೇಕಾದ್ದು ಕೇಳುವ ಮನಸ್ಸು, ಆ ಪದದ ಎಲ್ಲ ಅರ್ಥಗಳಲ್ಲಿ.

ಮುಂದಿನ ಮರುವಿಂಗಡಣೆಯ ಮಾತು ದೇಶದಲ್ಲಿ ಶುರುವಾಗಿದೆ. ಆಗ ಕೊಡಗಿಗೆ ಎರಡು ಸ್ಥಾನವೇ, ಮೂರೇ ಎಂಬ ವಾದ ಮತ್ತೆ ಏಳುತ್ತದೆ, ಏಳಲಿ. ಮೂರು ಬಂದರೆ ಸಂತೋಷ. ಆದರೆ ಮೂರು ಬಂದ ಮೇಲೂ ಲೈನ್ ಮನೆಯ ಆ ಹೆಣ್ಣುಮಗಳು ತನ್ನ ಮಾತನ್ನು ಎಲ್ಲಿ ಹೇಳಬೇಕೆಂದು ತಿಳಿಯದೆ ನಿಂತಿದ್ದರೆ, ಕೂಡಿದ್ದು ಒಂದು ಕುರ್ಚಿ ಮಾತ್ರ.